ಆರನೆಯ ವಾರದ ಕರೆ

ಮಿರ್ಚಿ ಭಜಿಯ ವಾಸನೆ ಬಡಿದರೂ ಬಾಯಲ್ಲಿ ನೀರೂರದ ಮನುಷ್ಯ ಇಡೀ ಹುಬ್ಬಳ್ಳಿಯಲ್ಲಿ ಒಬ್ಬನೇ ಇದ್ದ. ಅವನ ಹೆಸರು ಮೌನೇಶ ಪತ್ತಾರ. ಮೌನವೆಲ್ಲ ಹೆಸರಿನಲ್ಲೇ ಖರ್ಚಾಗಿ ಹೋಗಿತ್ತು, ಕಸುಬು ಮಿಮಿಕ್ರಿ. ಮದುವೆ, ಗಣಪತಿ ಪೆಂಡಾಲು, ಶಾಲೆಯ ಗ್ಯಾದರಿಂಗು, ಯಾರು ಕರೆದರೂ ಹೋಗಿ, ಒಂದು ಕೈಯಲ್ಲಿ ಮೈಕು ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುತ್ತಿದ್ದ. ಒಂದು ಡೈಲಾಗು, ಒಂದು ಗುಟುಕು ನೀರು. ಮತ್ತೊಂದು ಡೈಲಾಗು, ಮತ್ತೊಂದು ಗುಟುಕು. ಜನ ಅದನ್ನೂ ಸ್ಟೈಲು ಅಂದುಕೊಂಡು ಸೀಟಿ ಹೊಡೆಯುತ್ತಿದ್ದರು.

ಆ ಕಾಲಕ್ಕೆ ಸತ್ತುಹೋದ ಹೀರೋಗಳೂ ಬೆಳಕಿನ ಬೊಂಬೆಗಳಾಗಿ ಸ್ಟೇಜಿಗೆ ಬಂದು, ತಮ್ಮ ಡೈಲಾಗು ತಾವೇ ಹೊಡೆದು, ಕಾಲರ್ ಎತ್ತಿ ಹೋಗುತ್ತಿದ್ದರು. ಯಂತ್ರ ಎಲ್ಲರ ದನಿಯನ್ನೂ ಕೂದಲೆಳೆಯಷ್ಟೂ ಫರಕಿಲ್ಲದೆ ಮಾಡುತ್ತಿತ್ತು. ಅದು ತಪ್ಪು ಮಾಡುತ್ತಿರಲಿಲ್ಲ, ಅದೇ ಅದರ ತಪ್ಪು. ಗಂಟಲು ಕಟ್ಟಿ ಒದ್ದಾಡುವವನನ್ನು ನೋಡಿ ನಗುವುದಕ್ಕೆ ಜನಕ್ಕೆ ಇನ್ನೂ ಜೀವಂತ ಮನುಷ್ಯನೇ ಬೇಕಿತ್ತು. ಹಾಗಾಗಿ ಮೌನೇಶನ ಹೊಟ್ಟೆಪಾಡು ನಡೆಯುತ್ತಿತ್ತು.

ಅವನಿಗೆ ಹುಟ್ಟುವಾಗಲೇ ಜೊಲ್ಲಿನ ಗ್ರಂಥಿಗಳಿರಲಿಲ್ಲ. ಕಣ್ಣೀರಿನವೂ ಇರಲಿಲ್ಲ. ಅಪ್ಪನಿಗೂ ಹಾಗೆಯೇ ಇತ್ತು. ಅಪ್ಪ ಬಂಗಾರದ ಕೆಲಸದವನು. ಊದುಗೊಳವೆಯನ್ನು ತುಟಿಗಿಡುವ ಮೊದಲು ತಂಬಿಗೆಯ ನೀರಿನಲ್ಲಿ ಬೆರಳದ್ದಿ ತುಟಿ ಒರೆಸಿಕೊಳ್ಳುತ್ತಿದ್ದ. ಓಣಿಯವರು ಆ ಮನೆಗೆ 'ಒಣಬಾಯಿಯವರ ಮನಿ' ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಮೀಸೆ ಬಲಿಯುವಷ್ಟರಲ್ಲಿ ಮೌನೇಶನ ಹಲ್ಲೆಲ್ಲ ಹುಳುಕು ಹತ್ತಿ ಉದುರಿದ್ದವು. ಈಗ ಸ್ಟೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದದ್ದು ಕಟ್ಟಿಸಿದ ಹಲ್ಲು. ಅಪ್ಪ ತೀರಿಕೊಂಡ ದಿನ ಅವನು ಹೆಣದ ಕಾಲ ಬಳಿ ಕೂತು ಅತ್ತ. ಎದೆ ಹಾರುತ್ತಿತ್ತು, ಕಣ್ಣಿಗೆ ಖಾರ ತುಂಬಿದಂತೆ ಉರಿಯುತ್ತಿತ್ತು, ಹನಿ ಮಾತ್ರ ಇಲ್ಲ. ಸೋದರಮಾವ ಪಕ್ಕದವನಿಗೆ ಹೇಳಿದ್ದು ಅವನ ಕಿವಿಗೂ ಬಿತ್ತು: "ಎಂಥಾ ಗಟ್ಟಿ ಎದೀಪಾ ಇವಂದು. ಹಡದಪ್ಪ ಹ್ವಾದ್ರೂ ಕಣ್ಣ ಒದ್ದಿ ಆಗವಲ್ದು."

ಅಂದಿನಿಂದ ಮೌನೇಶನಿಗೆ ಒಂದೇ ಆಸೆ. ತನ್ನ ಹೊಟ್ಟೆಯಲ್ಲಿ ಹುಟ್ಟುವ ಕೂಸು ಜೊಲ್ಲು ಸುರಿಸಬೇಕು. ಎದೆ ತೊಯ್ದು ತೊಪ್ಪೆಯಾಗಬೇಕು, ಎತ್ತಿಕೊಂಡವರ ಹೆಗಲೆಲ್ಲ ಹಸಿಯಾಗಬೇಕು. ಬೇರೆಯವರು ಮಗ ಕಲೆಕ್ಟರ್ ಆಗಲಿ ಎಂದು ಬೇಡಿಕೊಳ್ಳುವಷ್ಟೇ ಭಕ್ತಿಯಿಂದ ಇವನು ಜೊಲ್ಲಿಗಾಗಿ ಬೇಡಿಕೊಳ್ಳುತ್ತಿದ್ದ.

ಹೆಂಡತಿ ಕಸ್ತೂರಿ ಮನೆಯ ಮುಂದಿನ ಕೋಣೆಯಲ್ಲೇ ಸೀರೆಗಳಿಗೆ ಫಾಲ್, ಪಿಕೋ ಹಾಕುವ ಅಂಗಡಿ ಇಟ್ಟಿದ್ದಳು. ಮೌನೇಶ ಅವಳನ್ನು ಮೊದಲು ಕಂಡಾಗ ಅವಳು ದಾರದ ತುದಿಯನ್ನು ತುಟಿಯ ನಡುವೆ ಒಮ್ಮೆ ಎಳೆದು, ಒಂದೇ ಏಟಿಗೆ ಸೂಜಿಯ ಕಣ್ಣಿಗೆ ತೂರಿಸಿದ್ದಳು. ಅಷ್ಟಕ್ಕೇ ಇವನು ಮನಸೋತ, ಇವನ ಕಥೆಯ ಇಂಟರ್ವಲ್ ಆಗಿಹೋಯಿತು.

ಮದುವೆಯಾದ ಮೇಲೆ ಕಸ್ತೂರಿ ಎರಡು ಸಲ ಬಸಿರಾದಳು. ಎರಡು ಸಲವೂ ಬೆಳಗಾಗೆದ್ದು ಮೊದಲು ಹೇಳಿದ್ದು ಗಂಡನಿಗೆ. ಮೊದಲ ಸಲ ಆ ಮಹಾರಾಯ ಅದೇ ದಿನ ಯಾರದೋ ಮದುವೆಯ ಸ್ಟೇಜಿನಲ್ಲಿ ಮೈಕು ಹಿಡಿದು, "ಕೇಳ್ರಪ್ಪೋ, ಪತ್ತಾರ ಬ್ಯಾನರ್‌ನ್ಯಾಗ ಹೊಸಾ ಹೀರೋ ಎಂಟ್ರಿ ಕೊಡಾಕ್ಹತ್ಯಾನ. ಡೇಟ್ ಫಿಕ್ಸ್ ಐತಿ, ಕಟೌಟಿಗೆ ಬಿದಿರು ಕಡೀರಿ," ಎಂದು ಸಾರಿಬಿಟ್ಟಿದ್ದ. ಎರಡನೆಯ ಸಲ ಸ್ಟೇಜು ಸಿಗದೆ ಮೊಬೈಲಿನ ಸ್ಟೇಟಸ್ಸಿನಲ್ಲಿ ಹಾಕಿದ್ದ. ಎರಡೂ ನಿಲ್ಲಲಿಲ್ಲ. ಮೌನೇಶನ ತಾಯಿ ನೀಲವ್ವ ಕಸ್ತೂರಿಯ ತಲೆಗೆ ಎಣ್ಣೆ ಒತ್ತುತ್ತ, ಮಗನತ್ತ ತಿರುಗದೆಯೇ ಅಂದಿದ್ದಳು: "ನಿನ್ನ ಬಾಯಿಗೆ ನೀರೂ ಇಲ್ಲ, ಬಾಗಲಾನೂ ಇಲ್ಲ."

ಮೂರು ತಿಂಗಳು ತುಂಬುವ ತನಕ ಬಸಿರಿನ ಮಾತು ಹೊಸ್ತಿಲು ದಾಟಬಾರದು ಎಂಬುದು ಆ ಮನೆತನದ ಹಳೆಯ ರೂಢಿ. ಕಣ್ಣು ಬೀಳುತ್ತದೆ ಎಂಬ ಹೆದರಿಕೆ. ಮೂರು ತುಂಬಿದ ದಿನ ಹಿರಿಯಳು ಎಲ್ಲರ ಬಾಯಿಗೆ ಸಕ್ಕರೆ ಹಾಕಿ ಹೇಳುತ್ತಾಳೆ, ಅಲ್ಲಿಯವರೆಗೆ ಗಪ್‌ಚುಪ್.

ಧಾರವಾಡದ ದಾರಿಯ ಗುಡ್ಡದ ಮೇಲೆ ಒಂದು ಸಂಶೋಧನಾ ಕೇಂದ್ರವಿತ್ತು. ಗರ್ಭದಲ್ಲಿರುವ ಪಿಂಡದ ಅಂಗಾಂಗಗಳು ಹೇಗೆ ಮೂಡುತ್ತವೆ ಎಂಬುದನ್ನು ನೋಡುವುದು, ಮೂಡದಿದ್ದರೆ ಮೂಡಿಸುವುದು ಅಲ್ಲಿನ ಕೆಲಸ. ಒಣಬಾಯಿಯ ಮನೆತನಗಳನ್ನು ಅವರು ಹುಡುಕುತ್ತಿದ್ದಾರೆ ಎಂದು ಹಲ್ಲಿನ ಡಾಕ್ಟರು ಹೇಳಿದ್ದೇ ತಡ, ಮೌನೇಶ ಮನೆಯಲ್ಲಿ ಯಾರಿಗೂ ಹೇಳದೆ ಹೋಗಿ ರಕ್ತ ಕೊಟ್ಟು ಬಂದ. ಮುಂದಿನ ವಾರ ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ಮೆಹ್ತಾಬ್ ನದಾಫ್ ಅವನನ್ನು ಕರೆಸಿ ಒಂದು ಪರದೆಯ ಮುಂದೆ ಕೂರಿಸಿದರು.

ಪರದೆಯ ಮೇಲೆ ಮಂಜು ಹಿಡಿದ ಗಾಜಿನಂಥದ್ದೇನೋ ಇತ್ತು. "ಇದು ಇಲಿ ಪಿಂಡದ ದವಡಿ ಕೆಳಗಿನ ತುಣುಕು," ಎಂದರು ಮೆಹ್ತಾಬ್. "ಎರಡು ಪದರ ಕಾಣ್ತಾವಿಲ್ಲೋ? ಮ್ಯಾಲಿಂದು ಬಾಯಿ ಒಳಚರ್ಮ ಆಗೂದು. ಅದಕ್ಕ ತಾನಾಗೇ ಏನೂ ತಿಳಿಯೂದಿಲ್ಲ. ಕೆಳಗಿನ ಪದರ ಒಂದು ಪ್ರೋಟೀನ್ ಬಿಡ್ತೈತಿ, ಗ್ರೋತ್ ಫ್ಯಾಕ್ಟರ್ ಅಂತೀವಿ ಅದಕ್ಕ. ಅದೊಂದು ಕರೆ ಇದ್ದಂಗ. ಕರೆ ಕೇಳಿದ್ರನ ಮ್ಯಾಲಿನ ಪದರ ಕೆಳಗ ಬಾಗಿ ಮೊಗ್ಗಾಗ್ತೈತಿ. ಮೊಗ್ಗು ಸೀಳಿ ಎರಡಾಗ್ತಾವ, ಎರಡು ಸೀಳಿ ನಾಕಾಗ್ತಾವ. ಹಂಗ ಕವಲು ಒಡಕೋಂತ ಹೋಗಿ ಜೊಲ್ಲಿನ ಗ್ರಂಥಿ ಆಗ್ತೈತಿ."

"ಅಂದ್ರ ಮ್ಯಾಲಿನವ ಹೀರೋ, ಕೆಳಗಿನವ ಡೈರೆಕ್ಟರ್," ಎಂದ ಮೌನೇಶ. "ಅಂವ ಆಕ್ಷನ್ ಅನ್ನೂತನಕ ಇಂವ ಕರೆಂಟಿನ ಕಂಬ."

"ಅಡ್ಡಿಯಿಲ್ಲ, ಹಂಗೇ ತಿಳ್ಕೊರ್ರಿ. ನಿಮ್ಮ ಮನಿತನದಾಗ ಡೈರೆಕ್ಟರಗ ಅರ್ಧಾನ ದನಿ. ಆ ಜೀನಿನ ಎರಡು ಪ್ರತಿಯೊಳಗ ಒಂದು ಕೆಟ್ಟೈತಿ. ನಿಮಗ ಹುಟ್ಟೂ ಕೂಸಿಗೆ ಒಳ್ಳೇದೂ ಹೋಗಬಹುದು, ಕೆಟ್ಟಿದ್ದೂ ಹೋಗಬಹುದು."

"ಎರಡೂ ಕೆಟ್ಟಿದ್ರ?"

"ಕೆಟ್ಟಿದ್ರ ನೀವು ಬಂದು ಈ ಕುರ್ಚಿ ಮ್ಯಾಲೆ ಕುಂದರ್ತಿರಲಿಲ್ಲ. ಶ್ವಾಸಕೋಶಕ್ಕೂ ಅದ ಕರೆ ಬೇಕು, ಕೈಕಾಲು ಮೂಡಾಕೂ ಅದ ಕರೆ ಬೇಕು. ಒಬ್ಬನ ಡೈರೆಕ್ಟರ್, ಸೆಟ್ಟು ಹತ್ತು."

ಮೆಹ್ತಾಬ್ ಪರದೆಯನ್ನು ಎರಡು ಭಾಗ ಮಾಡಿದರು. ಎಡಗಡೆಯದು ಅರ್ಧ ದನಿಯ ಇಲಿಯ ತುಣುಕು. ಒಂದು ರಾತ್ರಿಯ ಬೆಳವಣಿಗೆ ಕಣ್ಣ ಮುಂದೆ ಸರಸರ ಓಡಿತು: ಒಂದು ಮೊಗ್ಗು ಬಾಗಿತು, ಬಾಗಿದ್ದು ಹಾಗೆಯೇ ನಿಂತಿತು, ಯಾರೋ ಕರೆದರೇನೋ ಎಂದು ಕಿವಿಗೊಟ್ಟು ನಿಂತವರ ಹಾಗೆ. ಬಲಗಡೆಯದೂ ಅಂಥದೇ ತುಣುಕು, ಆದರೆ ಅದರ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣದೊಂದು ಮಣಿ. ಮಣಿಯಿಂದ ಆ ಪ್ರೋಟೀನು ಸಣ್ಣಗೆ ಒಸರುತ್ತಿತ್ತು. ಇಲ್ಲಿ ಮೊಗ್ಗು ಬಾಗಿತು, ಸೀಳಿತು, ಮತ್ತೆ ಸೀಳಿತು, ನೋಡನೋಡುತ್ತಿದ್ದಂತೆ ವಿಜಯಪುರದ ದ್ರಾಕ್ಷಿ ಗೊಂಚಲಿನಂತೆ ತುಂಬಿ ತೂಗಿತು.

ಮೌನೇಶ ಬಾಟಲಿ ಎತ್ತುವುದನ್ನೂ ಮರೆತು ಕೂತ. "ಮತ್ತೊಮ್ಮೆ ತೋರಸ್ರಿ ಮೇಡಂ," ಎಂದ. ತೋರಿಸಿದರು. ಮತ್ತೊಮ್ಮೆ ಅಂದ.

"ಈ ಮಣಿನ ಶಬ್ದದ ಅಲೆಯಿಂದ ನೂಕಿ ಪಿಂಡದ ಗದ್ದದ ಕೆಳಗ ಕೂಡಸ್ತೀವಿ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ. ಕಡಿಮಿ ಬಿದ್ದ ಅರ್ಧ ದನಿ ಕೊಟ್ಟು ತಾನ ಕರಗಿ ಹೋಗ್ತೈತಿ. ಒಂದೊಂದು ಬದಿಗೆ ಕಣ್ಣಿನ ಕಡೆ ಒಂದು, ಬಾಯಿ ಕಡೆ ಎರಡು. ಆದ್ರ ಒಂದು ಮಾತು. ಪಿಂಡಕ್ಕ ಆರನೇ ವಾರ ನಡದಾಗ ಆಗಬೇಕು. ಏಳು ದಾಟ್ತು ಅಂದ್ರ ಆ ಚರ್ಮ ಬ್ಯಾರೆ ಕೆಲಸಕ್ಕ ಹೋಗಿಬಿಡ್ತೈತಿ. ಎಷ್ಟು ಕೂಗಿದ್ರೂ ಹೊಳ್ಳಿ ನೋಡೂದಿಲ್ಲ."

"ಕಾಲ್‌ಶೀಟ್ ಮುಗದ್ರ ಹೀರೋ ಸಿಗೂದಿಲ್ಲ."

"ಬರೋಬ್ಬರಿ. ಮುಟ್ಟು ನಿಂತ ವಾರದಾಗ ಕರಕೊಂಬರ್ರಿ. ಮನ್ಯಾಗ ಹೇಳೀರಿಲ್ಲೋ?"

"ಹೇಳೀನ್ರಿ," ಎಂದ ಮೌನೇಶ.

ಹೇಳಿರಲಿಲ್ಲ. ಎರಡನೆಯದು ಹೋದಮೇಲೆ ಕೂಸಿನ ಮಾತು ಬಂದರೆ ಸಾಕು, ಕಸ್ತೂರಿ ಮಷೀನು ನಿಲ್ಲಿಸಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಈಗ ಹೇಳಿ ಆಸೆ ಹುಟ್ಟಿಸಿ, ಬಸಿರು ನಿಲ್ಲದಿದ್ದರೆ? ಅದಕ್ಕಿಂತ, ಅವಳು ಬಂದು ಬಸಿರೆಂದು ಹೇಳಿದ ಬೆಳಿಗ್ಗೆಯೇ ತಾನು ಎಂಟ್ರಿ ಕೊಡಬೇಕು ಎಂದು ಅವನು ಲೆಕ್ಕ ಹಾಕಿದ್ದ. ಡೈಲಾಗೂ ರೆಡಿಯಿತ್ತು: "ಅಂಜಬ್ಯಾಡ ಕಸ್ತೂರಿ. ವಿಲನ್ ನನ್ನ ರಕ್ತದಾಗ ಅದಾನ, ಖರೆ. ಆದ್ರ ಅವನ್ನ ಹೊಡಿಯೂ ಹೀರೋ ಗುಡ್ಡದ ಮ್ಯಾಲೆ ಅದಾನ." ಬಸ್ಸಿನಲ್ಲಿ ಕಿಟಕಿಯ ಗಾಜಿಗೆ ಇದನ್ನು ಹೇಳಿ ಹೇಳಿ ಪ್ರಾಕ್ಟೀಸು ಮಾಡುತ್ತಿದ್ದ. ಪಕ್ಕದ ಸೀಟಿನವರು ಎದ್ದು ಹಿಂದೆ ಹೋಗಿ ಕೂರುತ್ತಿದ್ದರು. ಅವಳು ತನಗೇ ಮೊದಲು ಹೇಳುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎರಡು ಸಲವೂ ಹಾಗೆಯೇ ಆಗಿತ್ತಲ್ಲ.

ಮದುವೆಯ ಸೀಜನ್ನು ಬಂತು. ಬಾಗಲಕೋಟೆ, ಗೋಕಾಕ, ರಾಣೆಬೆನ್ನೂರು ಎಂದು ಮೌನೇಶ ಊರೂರು ಅಲೆದ. ಮನೆಗೆ ಬಂದಾಗ ಕಸ್ತೂರಿ ಒಗ್ಗರಣೆಯ ವಾಸನೆಗೆ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

"ಏನಾತು ಈಕಿಗೆ?"

"ಪಿತ್ತ," ಎಂದಳು ನೀಲವ್ವ. "ಎರಡು ದಿನ ತವರಿಗೆ ಹೋಗಿ ಬರ್ಲಿ. ಹವಾ ಬದಲಾದ್ರ ಇಳೀತೈತಿ."

ಎರಡು ದಿನವೆಂದು ಹೋದವಳು ನವಲಗುಂದದಲ್ಲೇ ಉಳಿದಳು. ಫೋನು ಮಾಡಿದರೆ ಸಣ್ಣ ದನಿಯಲ್ಲಿ ಮಾತಾಡಿ ಇಟ್ಟುಬಿಡುತ್ತಿದ್ದಳು. ಒಂದು ಸಲ ಮೌನೇಶ ಹಳೆಯ ಸಿನಿಮಾದ ಡಾಕ್ಟರನ ದನಿ ತೆಗೆದು, "ಐ ಆ್ಯಮ್ ಸಾರಿ, ಪೇಷಂಟಿಗೆ ಗಂಡನ ನೆನಪಿನ ಕಾಯಿಲೆ," ಎಂದ. ಅವಳು ನಕ್ಕಳು. ನಕ್ಕು, "ರೀ, ನಿಮಗೊಂದು..." ಎಂದು ಶುರುಮಾಡಿ ನಿಲ್ಲಿಸಿದಳು.

"ಏನು?"

"ಏನಿಲ್ಲ. ನೀರು ಕುಡೀತಾ ಇರ್ರಿ."

ಮುಂದಿನ ಫೋನಿನಲ್ಲಿ ಕೇಳಿದರಾಯಿತು ಎಂದುಕೊಂಡ. ಆವತ್ತೇ ಸಂಜೆ ಗೋಕಾಕದಲ್ಲಿ ಶೋ ಇತ್ತು.

ಸೀಜನ್ನು ಮುಗಿಸಿ, ಬಿಸಿಲಿನಲ್ಲಿ ಬೆವರಿಳಿಸಿಕೊಂಡು ಮನೆಗೆ ಬಂದಾಗ ಕಸ್ತೂರಿ ತವರಿನಿಂದ ಬಂದಿದ್ದಳು. ಹೊಸ ಸೀರೆ ಉಟ್ಟಿದ್ದಳು. ನೀಲವ್ವ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಬಟ್ಟಲು.

"ಬಾಯಿ ತಗಿ," ಎಂದಳು.

"ಏನಬೇ ಇದು, ಸೀನ್ ಹೇಳದ ಶೂಟಿಂಗ್ ಶುರು ಮಾಡಿದಿ?"

"ತಗೀಲೇ ಅಂದ್ರ."

ತೆಗೆದ. ಅವ್ವ ಚಿಟಿಕೆ ತುಂಬ ಸಕ್ಕರೆ ನಾಲಗೆಯ ಮೇಲಿಟ್ಟಳು. "ಮೂರು ತುಂಬಿದ್ವು. ಈಗ ಬೇಕಾದ್ರ ಊರ ತುಂಬಾ ಡಂಗುರಾ ಹೊಡಿ ಹೋಗು. ನಿನ್ನ ಬಾಯಿಗೆ ಕೀಲಿ ಹಾಕೂದು ಆಗೂದಿಲ್ಲಂತ ಈ ಸಲ ನಾವ ನಮ್ಮ ಬಾಯಿಗೆ ಹಾಕ್ಕೊಂಡ್ವಿ."

ಕಸ್ತೂರಿ ಬಾಗಿಲ ಹಿಂದಿನಿಂದ ನೋಡುತ್ತಿದ್ದಳು. ಅವನು ಕುಣಿಯುತ್ತಾನೆ, ಬಾಗಿಲ ಚೌಕಟ್ಟಿಗೆ ಒರಗಿ ಸ್ಲೋ ಮೋಷನ್ನಿನಲ್ಲಿ ಕಾಲರ್ ಎತ್ತುತ್ತಾನೆ ಎಂದು ಕಾಯುತ್ತಿದ್ದಳು. ಮೌನೇಶ ಹಾಗೇ ನಿಂತಿದ್ದ. ಸಕ್ಕರೆ ಅವನ ನಾಲಗೆಯ ಮೇಲೆ ಮರಳಿನಂತೆ ಕೂತಿತ್ತು. ಕರಗಲಿಲ್ಲ. ಅದನ್ನು ಕರಗಿಸುವಂಥದ್ದೇನೂ ಆ ಬಾಯಲ್ಲಿರಲಿಲ್ಲ.

"ಮೂರು... ತಿಂಗಳಾ?" ಎಂದ. ಸಕ್ಕರೆಯ ಪುಡಿ ತುಟಿಯಿಂದ ಉದುರಿತು.

"ಹೂಂ ಮತ್ತ. ಮೂರು ವರ್ಷ ತುಂಬಾಕ ಅದೇನು ಆನೀ ಮರೀನಾ?"

ಅವನು ಹೊಸ್ತಿಲ ಮೇಲೆ ಕೂತ. ಆಮೇಲೆ ಹೇಳಿದ. ಗುಡ್ಡ, ಪರದೆ, ಮಣಿ, ದ್ರಾಕ್ಷಿ ಗೊಂಚಲು, ಆರನೆಯ ವಾರ, ಎಲ್ಲ. ಅವನ ಜೀವನದಲ್ಲೇ ಯಾರ ದನಿಯನ್ನೂ ಎರವಲು ಪಡೆಯದೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಕಸ್ತೂರಿ ಬಾಗಿಲ ಹಿಂದಿನಿಂದ ಬಂದು ಎದುರು ನಿಂತಳು. "ನಂಗ್ಯಾಕ ಹೇಳ್ಲಿಲ್ರೀ?"

"ನೀ ನಂಗ್ಯಾಕ ಹೇಳ್ಲಿಲ್ಲ?"

"ಫೋನಿನ್ಯಾಗ ಬಾಯಿತನಕ ಬಂದಿತ್ತು. ಹೇಳಿದ್ರ ಹೋಗ್ತೈತೇನೋ ಅಂತ ಅಂಜಿದ್ನಿ."

"ನಾನೂ ಅದಕ್ಕ ಅಂಜಿದ್ನಿ."

ನೀಲವ್ವ ಬಟ್ಟಲು ಹಿಡಿದು ನಿಂತೇ ಇದ್ದಳು. ಓಣಿಯಲ್ಲಿ ಸುದ್ದಿ ಹೇಳಿ ಸಕ್ಕರೆ ಹಂಚಲು ಆಕೆ ಬೆಳಿಗ್ಗೆಯೇ ಸಣ್ಣ ಸಣ್ಣ ಪೊಟ್ಟಣ ಕಟ್ಟಿಟ್ಟಿದ್ದಳು. ಅವನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಸುರಿಯತೊಡಗಿದಳು. ಆ ಸಪ್ಪಳ ಬಹಳ ಹೊತ್ತು ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದರು. ಕಸ್ತೂರಿಯ ರಕ್ತದಲ್ಲಿ ತೇಲುತ್ತಿದ್ದ ಕೂಸಿನ ಅಂಶವನ್ನು ಯಂತ್ರ ಹುಡುಕಿ ತೆಗೆಯಿತು. ಮೆಹ್ತಾಬ್ ಅದನ್ನು ನೋಡಿ ಕಸ್ತೂರಿಯನ್ನು ಮಂಚದ ಮೇಲೆ ಮಲಗಿಸಿ ಸ್ಕ್ಯಾನಿನ ಪರದೆ ಹಚ್ಚಿದರು. ಕೂಸು ಕಂಡಿತು. ಹೆಬ್ಬೆರಳನ್ನು ಬಾಯಿಯ ಬಳಿ ತಂದು, ಮತ್ತೆ ದೂರ ಸರಿಸಿ, ಆಟವಾಡುತ್ತಿತ್ತು.

"ಕೆಟ್ಟ ಪ್ರತೀನ ಹೋಗೇತಿ," ಎಂದರು ಮೆಹ್ತಾಬ್. "ಬಲಗಡೆ ಏನೂ ಮೂಡಿಲ್ಲ. ಕಣ್ಣಿನ ಕಡೆ ಇಲ್ಲ. ಎಡಗಡೆ ಗದ್ದದ ಕೆಳಗ ನೋಡ್ರಿ, ಒಂದು ಮೊಗ್ಗೈತಿ. ಅರ್ಧ ಕರೆ ಕೇಳಿ ಬಾಗೇತಿ, ಮುಂದ ಏನು ಮಾಡಬೇಕು ತಿಳೀದ ನಿಂತೈತಿ."

"ಈಗ ಕೂಗ್ರಿ," ಎಂದ ಮೌನೇಶ. "ನಿಂತೈತೆಲ್ಲ, ಕೂಗ್ರಿ. ಸೆಟ್ಟಿನ್ಯಾಗ ಇನ್ನೂ ಒಬ್ಬ ಅದಾನ."

ಮೆಹ್ತಾಬ್ ಕುರ್ಚಿ ಎಳೆದುಕೊಂಡು ಇಬ್ಬರ ಎದುರು ಕೂತರು. "ಕೂಗಬಹುದು. ಅದನ್ನ ಮುಚ್ಚಿಡಂಗಿಲ್ಲ ನಾ. ಆದ್ರ ಈಗ ಮಣಿ ಸಾಲೂದಿಲ್ಲ. ಆ ಮೊಗ್ಗು ಕಿವುಡಾಗೇತಿ, ಹತ್ತು ಪಟ್ಟು ಜೋರ ಕೂಗಬೇಕು. ಅಷ್ಟು ಕೂಗಿದ್ರ ಆ ದನಿ ಗದ್ದದ ಕೆಳಗಷ್ಟ ನಿಲ್ಲೂದಿಲ್ಲ. ಕೂಸಿನ ಶ್ವಾಸಕೋಶ ಈಗ ಕವಲೊಡ್ಯೂ ಟೈಮು. ಅದೂ ಕೇಳಿಸ್ಕೊಂತೈತಿ. ಬ್ಯಾಡಾದ ಕಡೆಲ್ಲ ಕವಲೊಡದು ಗುಳ್ಳಿ ಗುಳ್ಳಿ ಆಗ್ತೈತಿ. ಇಲಿಯೊಳಗ ನೋಡೀವಿ. ಕೆಲವು ಮರಿ ಚಂದಂಗಿ ಜೊಲ್ಲು ಸುರಿಸಿದ್ವು. ಕೆಲವು ಹುಟ್ಟಿದ ಮ್ಯಾಲೆ ಮೊದಲನೇ ಉಸರು ತಗೀಲಿಲ್ಲ."

"ಎಷ್ಟು ಕೆಲವು?" ಎಂದಳು ಕಸ್ತೂರಿ.

"ಅರ್ಧಕ್ಕ ಅರ್ಧ, ತಾಯಿ. ಮನುಷ್ಯಾರೊಳಗ ಯಾರೂ ಮಾಡಿಲ್ಲ. ನಾಳಿ ಹೇಳ್ರಿ. ನಾಡದಕ್ಕ ಆ ಮೊಗ್ಗೂ ಇರೂದಿಲ್ಲ."

ಮನೆಗೆ ಬಂದರು. ನೀಲವ್ವ ಅನ್ನ, ತಿಳಿಸಾರು ಮಾಡಿದ್ದಳು. ಗಂಡ ಹೆಂಡತಿ ಎದುರುಬದುರು ಕೂತರು. ಮೌನೇಶ ಒಂದು ತುತ್ತು, ಒಂದು ಗುಟುಕು ನೀರು ಎಂದು ಉಣ್ಣತೊಡಗಿದ. ಕಸ್ತೂರಿ ತಟ್ಟೆ ಮುಟ್ಟಲಿಲ್ಲ.

"ಬ್ಯಾಡ್ರಿ," ಎಂದಳು.

"ಯಾವ್ದು ಬ್ಯಾಡ?"

"ಆ ದೊಡ್ಡ ದನಿ. ಬ್ಯಾಡ."

ಮೌನೇಶ ತಟ್ಟೆ ಸರಿಸಿದ. "ನಿಂಗ ತಿಳಿಯೂದಿಲ್ಲ ಕಸ್ತೂರಿ. ನೀ ನೋಡಿದ್ದು ಸ್ಟೇಜಿನ ಮೌನ್ಯಾನ್ನ. ಬಾಟ್ಲಿ ಹಿಡದು ಸ್ಟೈಲ್ ಹೊಡಿಯೂದು ನೋಡಿದಿ. ಸಾಲ್ಯಾಗ ಡಬ್ಬಿ ತಗದ್ರ ನನ್ನ ಬಾಜೂ ಯಾರೂ ಕುಂದರ್ತಿರಲಿಲ್ಲ, ರೊಟ್ಟಿ ಗಂಟಲಾಗ ಸಿಕ್ಕು ನಾ ಕ್ಯಾಕರಸೂದು ನೋಡಿ ಅವರಿಗೆ ವಾಕರಿಕಿ ಬರ್ತಿತ್ತು. ಹಲ್ಲು ನೋಯೂ ರಾತ್ರಿ ಬಾಯಾಗ ಬಟ್ಟಿ ತುರಕ್ಕೊಂಡು ಮಲಗ್ತಿದ್ನಿ, ಅವ್ವ ಏಳಬಾರದಂತ. ಅಪ್ಪ ಸತ್ತಾಗ... ಇರ್ಲಿ. ಎಲ್ಲಾರನ್ನೂ ನಗಸಾಕ ಯಾಕ ಹೊಂಟ್ನಿ ಗೊತ್ತೈತೇನು? ನಗೂ ಮಂದಿ ನನ್ನ ಕಣ್ಣು ನೋಡೂದಿಲ್ಲ. ಅದಕ್ಕ."

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸೆರಗಿನ ಒದ್ದೆಯನ್ನು ಅವನು ಎಂದಿನಂತೆ ನೋಡಿದ, ಬಡವ ಪಕ್ಕದವನ ತಟ್ಟೆ ನೋಡುವ ಹಾಗೆ.

"ಒಂದು ಕೇಳ್ತೀನಿ," ಎಂದಳು. "ನೀವು ಹೊಟ್ಟ್ಯಾಗಿದ್ದಾಗ ಈ ಮಾತು ಬಂದಿದ್ರ? ಜೊಲ್ಲು ಬರಬಹುದು, ಇಲ್ಲಾ ಉಸರ ಬರದಿರಬಹುದು ಅಂತ ಅತ್ತಿಯವರಿಗೆ ಹೇಳಿದ್ರ? ಅತ್ತಿ ಹೂಂ ಅನಬೇಕಿತ್ತೇನು?"

ಮೌನೇಶ ಅಡುಗೆಮನೆಯ ಕಡೆ ನೋಡಿದ. ನೀಲವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಸೌಟು ಅಲುಗುತ್ತಿರಲಿಲ್ಲ.

"ನಾ ಇದ್ದೀನಿ, ಅದಕ್ಕ ಹಿಂಗ ಕೇಳ್ತಿ," ಎಂದ.

"ಹೂಂ. ನೀವು ಇದ್ದೀರಿ. ಅದಕ್ಕ ಕೇಳಾಕ್ಹತ್ತೀನಿ."

ಮರುದಿನ ಅವನೊಬ್ಬನೇ ಹೋದ. ಮೆಹ್ತಾಬ್ ದನಿಮುದ್ರಿಸುವ ಯಂತ್ರವನ್ನು ಮುಂದಿಟ್ಟು, ನಿಯಮದಂತೆ ನಿರ್ಧಾರವನ್ನು ಬಾಯಿಬಿಟ್ಟು ಹೇಳಬೇಕು ಎಂದರು. ಅವನು ಮೈಕು ಹಿಡಿಯುವವನಂತೆ ಅದನ್ನು ಕೈಗೆತ್ತಿಕೊಂಡ.

"ತಡಾ ಮಾಡಿ ಬಂದ ಡೈರೆಕ್ಟರ್ ಮೈಕ್ ಹಿಡದು ಒದರಾಡಿದ್ರ ಸೆಟ್ಟಿಗೆ ಬೆಂಕಿ ಬೀಳ್ತೈತ್ರಿ. ಪ್ಯಾಕಪ್ ಮಾಡ್ರಿ," ಎಂದ.

"ಸೀದಾ ಹೇಳ್ರಿ ಮೌನೇಶ್. ಮಷೀನಿಗೆ ಸಿನಿಮಾ ತಿಳಿಯೂದಿಲ್ಲ."

"ಬ್ಯಾಡ."

ಮೆಹ್ತಾಬ್ ಯಂತ್ರ ಬಂದ್ ಮಾಡಿದರು. "ಇನ್ನೊಂದು ಸಲ ಆದ್ರ..." ಎಂದು ಶುರುಮಾಡಿದರು. ಮೌನೇಶ ಅಷ್ಟರಲ್ಲಿ ಬಾಗಿಲು ದಾಟಿದ್ದ.

ಹೆಣ್ಣು ಹುಟ್ಟಿತು. ಉಸಿರು ತೆಗೆದುಕೊಂಡಿತು, ಓಣಿ ಕೇಳುವ ಹಾಗೆ ಅತ್ತಿತು. ನೀಲವ್ವ ಹಟ ಹಿಡಿದು ತುಂಗಾ ಎಂದು ಹೆಸರಿಟ್ಟಳು. "ಬಾಯಾಗ ಹನಿ ಇಲ್ಲ, ಹೆಸರಿಗೆ ಹೊಳಿ," ಎಂದ ಮೌನೇಶ.

ಮೊಲೆಹಾಲು ಕುಡಿಯುವ ದಿನಗಳು ಹೇಗೋ ನಡೆದವು. ಹಾಲು ತಾನೇ ಒದ್ದೆ. ಕೂಸು ನೋಡಲು ಬಂದ ಓಣಿಯ ಹೆಂಗಸರು ಎತ್ತಿ ಮುದ್ದಾಡಿ ಮೆಚ್ಚಿಕೊಂಡರು: "ಎಷ್ಟು ಸ್ವಚ್ಛ ಕೂಸವ್ವಾ ನಿಂದು. ನಮ್ಮದು ನೋಡು, ಹೆಗಲೆಲ್ಲ ಜೊಲ್ಲು ಮಾಡಿಬಿಡ್ತೈತಿ." ಕಸ್ತೂರಿ ಹೌದೌದು ಎಂದು ತಲೆಯಾಡಿಸಿ ಮಷೀನಿನ ಪೆಡಲ್ ತುಳಿಯುತ್ತಿದ್ದಳು.

ಅನ್ನ ಉಣಿಸುವ ಶಾಸ್ತ್ರದ ದಿನ ಬಂತು. ಮಧ್ಯಾಹ್ನ ನೆಂಟರು ನೆರೆದಿದ್ದರು. ಬೆಳ್ಳಿ ಬಟ್ಟಲಿನಲ್ಲಿ ತುಪ್ಪ ಹಾಕಿ ನುಣ್ಣಗೆ ಹಿಸುಕಿದ ಅನ್ನ. ಮೌನೇಶನ ತೊಡೆಯ ಮೇಲೆ ತುಂಗಾ. ಹಿರಿಯನೆಂದು ಮೌನೇಶನ ಸೋದರಮಾವನೇ ಮೊದಲ ತುತ್ತು ಇಟ್ಟ. ಅನ್ನ ಕೂಸಿನ ಅಂಗುಳಿಗೆ ಅಂಟಿತು. ನಾಲಗೆಯಿಂದ ತಳ್ಳಿ ನೋಡಿತು, ಆಗಲಿಲ್ಲ. ಕೆಮ್ಮು ಶುರುವಾಯಿತು. ಕಸ್ತೂರಿ ಬೆರಳಿನಿಂದ ನೀರು ಬಿಟ್ಟಳು, ಅದು ನೆತ್ತಿಗೇರಿತು. ಕೂಸು ಕೆಂಪಾಗಿ, ಕಣ್ಣರಳಿಸಿ, ಹನಿಯಿಲ್ಲದೆ ಅತ್ತಿತು. ಮೌನೇಶ ಅದನ್ನು ಮಗುಚಿ ಬೆನ್ನು ತಟ್ಟಿ ಅನ್ನ ಹೊರಗೆ ಹಾಕಿಸಿದ.

"ಇವತ್ತು ಬ್ಯಾಡ ಬಿಡ್ರಿ," ಎಂದರು ಯಾರೋ.

ನೀಲವ್ವ ಎದ್ದು ಬಂದಳು. ಎಂಜಲಿನ ವಿಷಯದಲ್ಲಿ ಆಕೆಯಷ್ಟು ಕಟ್ಟುನಿಟ್ಟಿನ ಹೆಂಗಸು ಓಣಿಯಲ್ಲಿರಲಿಲ್ಲ. ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಮುಟ್ಟಿದರೆ ಬಾವಿಯ ಕಡೆ ಅಟ್ಟುವವಳು. ಮೌನೇಶ ಕೂಸಾಗಿದ್ದಾಗ ಹೀಗೇ ಅನ್ನ ಸಿಕ್ಕಿಕೊಂಡು ಒದ್ದಾಡಿದ್ದ. ಆಗ ಸೂಲಗಿತ್ತಿ ಒಂದು ಉಪಾಯ ಹೇಳಿದ್ದಳು. ಅತ್ತೆಗೆ ಅಂಜಿ ನೀಲವ್ವ ಅದನ್ನು ಮಾಡಿರಲಿಲ್ಲ.

ಈಗ ಆಕೆ ಬಟ್ಟಲಿನಿಂದ ಒಂದು ತುತ್ತು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ನೆಂಟರೆಲ್ಲ ನೋಡುತ್ತಿದ್ದಂತೆಯೇ ನಿಧಾನವಾಗಿ ಅಗಿದಳು. ಅಗಿದು ಅಗಿದು, ಅನ್ನ ಗಂಜಿಯಂತೆ ತೆಳ್ಳಗಾದ ಮೇಲೆ ಬೆರಳಿನ ಮೇಲೆ ತೆಗೆದು ಮೊಮ್ಮಗಳ ನಾಲಗೆಯ ಮೇಲಿಟ್ಟಳು.

"ಅಯ್ಯ ನೀಲವ್ವಾ, ಎಂಜಲಾ..." ಎಂದ ಸೋದರಮಾವ.

"ಬಾಯಿ ಮುಚ್ಚಿ ಕೆಡಿಸಿದಾಕಿ ನಾನು," ಎಂದಳು ನೀಲವ್ವ. "ಈಗರ ಇದು ಉಪಯೋಗಕ್ಕ ಬರ್ಲಿ."

ತುಂಗಾ ತುಟಿ ಚಪ್ಪರಿಸಿತು. ನುಂಗಿತು. ಇನ್ನೂ ಬೇಕೆಂದು ಬಾಯಿ ತೆರೆಯಿತು. ಎರಡನೆಯ ತುತ್ತನ್ನು ಕಸ್ತೂರಿ ಅಗಿದು ಕೊಟ್ಟಳು. ಅದೂ ಇಳಿಯಿತು. ಕೋಣೆಯಲ್ಲಿ ಒಂದಿಬ್ಬರು ನಕ್ಕರು, ಉಸಿರು ಸಡಿಲವಾಯಿತು. ಕಸ್ತೂರಿಯ ತಂಗಿ ಬಟ್ಟಲನ್ನು ಮೌನೇಶನತ್ತ ನೂಕಿ, "ಮಾಮಾ, ಅಪ್ಪಂದೂ ಒಂದು ತುತ್ತಾಗ್ಲಿ," ಎಂದಳು. ಅವಳಿಗೆ ಹೊಳೆಯಲಿಲ್ಲ, ಪಾಪ.

ಮೌನೇಶನಿಗೂ ಹೊಳೆಯಲಿಲ್ಲ. ಮಗಳ ತೆರೆದ ಬಾಯಿ ನೋಡಿದವನೇ ತುತ್ತನ್ನು ಬಾಯಿಗೆ ಹಾಕಿಕೊಂಡ. ಅಗಿದ. ಅನ್ನ ಅನ್ನವಾಗಿಯೇ ಇತ್ತು. ಮತ್ತೆ ಅಗಿದ. ಕಟ್ಟಿಸಿದ ಹಲ್ಲುಗಳ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ನಕ್ಕವರು ನಗು ನಿಲ್ಲಿಸಿದರು. ಅವನು ಮಗಳನ್ನೇ ನೋಡುತ್ತ ಅಗಿಯುತ್ತಲೇ ಇದ್ದ, ಕೂಸು ಬಾಯಿ ತೆರೆದು ಕಾಯುತ್ತಲೇ ಇತ್ತು.

ಕಸ್ತೂರಿ ಅವನ ಗದ್ದದ ಕೆಳಗೆ ಅಂಗೈ ಚಾಚಿದಳು.

ಅವನು ಒಣಗಿದ ಅನ್ನವನ್ನು ಆ ಅಂಗೈಗೆ ಹಾಕಿದ. ಅವಳು ಅದನ್ನು ತನ್ನ ಬಾಯಿಗೆ ಹಾಕಿಕೊಂಡು, ಅಗಿದು, ತೇವ ಮಾಡಿ, ಮಗಳಿಗೆ ಉಣಿಸಿದಳು. "ಅಪ್ಪಂದು," ಎಂದಳು ಕೂಸಿಗೆ.

ಕೂಸು ನುಂಗಿತು. ಮೌನೇಶ ಅದನ್ನು ಅವ್ವನ ತೊಡೆಗೆ ದಾಟಿಸಿ ಎದ್ದ, ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದ, ಕೈ ತೊಳೆಯುವವನಂತೆ ಬಗ್ಗಿ, ಉರಿಯುವ ಕಣ್ಣನ್ನು ನೀರಿಗೊಡ್ಡಿ ನಿಂತ. ಒಳಗೆ ಮತ್ತೊಂದು ತುತ್ತು ಯಾರು ಅಗಿಯುವುದೆಂದು ಮಾತು ನಡೆದಿತ್ತು. ಅವನು ನಲ್ಲಿ ನಿಲ್ಲಿಸಲಿಲ್ಲ.